ಅರ್ಧ ಚಮಚ ಉಗುಳು

ಅಥಣಿ
11 ಜೂನ್ 2018

ಇವರಿಗೆ,
ಶ್ರೀಮತಿ ಸುಂದ್ರವ್ವ ಟೀಚರ್,
ನಿವೃತ್ತ ಮುಖ್ಯಾಧ್ಯಾಪಕಿ, ಬೋರಗಾಂವ.

ಇವರಿಂದ,
ಕುಮಾರಿ ಸಪನಾ ತಿಪ್ಪಣ್ಣ, ತಮ್ಮ ಏಕೈಕ ಮೊಮ್ಮಗಳು.

ವಿಷಯ: ಅರ್ಧ ಚಮಚ ಉಗುಳು ದಯಪಾಲಿಸುವ ಕುರಿತು.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಸವಿನಯ ಪ್ರಾರ್ಥನೆ ಏನೆಂದರೆ, ನಮ್ಮ ಮನೆತನದಲ್ಲಿ ಅಪ್ಪನಿಗೂ ನನಗೂ ಮಾತ್ರ ಬೆಕ್ಕಿನ ಕಣ್ಣು. ತಮ್ಮವು ಹುಣಸೆಬೀಜ. ತಮ್ಮ ಯಜಮಾನರಾದ ಮುತ್ಯಾನವು, ಗೋಡೆಯ ಮೇಲಿನ ಫೋಟೋ ನಂಬುವುದಾದರೆ, ಅದಕ್ಕಿಂತ ಕಪ್ಪು. ಹಾಗಾದರೆ ಈ ಬೂದು ಕಣ್ಣು ಯಾವ ಬಸ್ಸು ಹತ್ತಿ ಬಂದವು?

ತಮ್ಮ ಓಣಿ ಈ ಬಗ್ಗೆ ಐವತ್ತು ವರ್ಷದ ಹಿಂದೆಯೇ ತೀರ್ಪು ಕೊಟ್ಟು ಕೈ ತೊಳೆದುಕೊಂಡಿದೆ. ತಮಗೆ ಮೊದಲ ಎರಡು ಕೂಸು ದಕ್ಕಲಿಲ್ಲ. ಮೂರನೆಯದು ಹುಟ್ಟಿದಾಗ ಯಮನನ್ನು ಏಮಾರಿಸಲು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟಿರಿ. ಗೋಡೆಯಾಚೆಯ ಕಸ್ತೂರೆವ್ವ ಬಂದು ಎತ್ತಿಕೊಂಡಳು, ಐದು ದಿನ ತನ್ನ ಮನೆಯಲ್ಲಿಟ್ಟುಕೊಂಡಳು. ಆಮೇಲೆ ತಾವು ಒಂದು ಸೇರು ತೌಡು ಕೊಟ್ಟು ಮರಳಿ ಕೊಂಡಿರಿ, ತಿಪ್ಪಣ್ಣ ಎಂದು ಹೆಸರಿಟ್ಟಿರಿ. ಎತ್ತಿಕೊಂಡವಳದ್ದು ಬೆಕ್ಕಿನ ಕಣ್ಣು, ಅದಕ್ಕೇ ಕೂಸಿಗೂ ಹತ್ತಿತು. ಇದು ಓಣಿಯ ತೀರ್ಪು. ವಿಜ್ಞಾನ ಒಪ್ಪುವುದಿಲ್ಲ. ರಕ್ತ ತಪಾಸಣೆಯ ಲ್ಯಾಬಿನಲ್ಲಿ ಎಂಟು ತಿಂಗಳಿಂದ ಬಾಟಲಿ ತೊಳೆಯುತ್ತಿರುವ ನಾನಂತೂ ಒಪ್ಪುವುದೇ ಇಲ್ಲ.

ಈಗ ಮನೆಗೇ ಬರುವ ಡಿಎನ್‌ಎ ಕಿಟ್ ಸಿಗುತ್ತದೆ. ನಳಿಗೆಯಲ್ಲಿ ಉಗುಳಿ ಕಳಿಸಿದರೆ ವಂಶದ ಮೂಲ ಹೇಳುತ್ತಾರೆ. ಮೂರು ಥರ ಇವೆ. ಮೊದಲನೆಯದು ಗಂಡಸರ ದಾರಿಯದು: ಅಪ್ಪ, ಅವನಪ್ಪ, ಅವನಪ್ಪ. ಎರಡನೆಯದು ತಾಯಂದಿರ ದಾರಿಯದು. ಮೂರನೆಯದು ಎಲ್ಲ ದಾರಿಯದು, ಅದರಲ್ಲಿ ಇಬ್ಬರ ಉಗುಳು ಕೂಡಿಸಿ ನೋಡಿ ಅವರಿಗೆ ರಕ್ತಸಂಬಂಧ ಎಷ್ಟು ಎಂದೂ ತಿಳಿಸುತ್ತಾರೆ. ಅಕ್ಟೋಬರ್ 24ಕ್ಕೆ ಅಪ್ಪನಿಗೆ ಐವತ್ತು ತುಂಬುತ್ತದೆ. ಕಣ್ಣಿನ ಜಾತಕ ಬರೆಸಿ, ಚೌಕಟ್ಟು ಹಾಕಿಸಿ ಕೊಡಬೇಕೆಂದಿದ್ದೇನೆ.

ಯಾವುದನ್ನು ಆರಿಸಲಿ? ಫೋನಿನಲ್ಲಿ ಕೇಳೋಣವೆಂದರೆ ತಾವು ಹಲೋ ಅನ್ನುವುದು ಮೂರು ಓಣಿಗೆ ಕೇಳುತ್ತದೆ, ನಾನು ಅನ್ನುವುದು ತಮಗೆ ಮಾತ್ರ ಕೇಳುವುದಿಲ್ಲ. ಆದ್ದರಿಂದ ಈ ಅರ್ಜಿ.

ತಮ್ಮ ವಿಧೇಯ,
ಸಪನಾ


ಬೋರಗಾಂವ
18 ಜೂನ್ 2018

ಚಿ. ಸಪನಾಳಿಗೆ ಆಶೀರ್ವಾದಗಳು.

ಅರ್ಜಿ ತಲುಪಿತು. ನಾಲ್ಕು ತಪ್ಪುಗಳಿದ್ದವು. ಕೆಂಪು ಶಾಯಿಯಲ್ಲಿ ತಿದ್ದಿ ಇದರ ಜೊತೆ ಇಟ್ಟಿದ್ದೇನೆ, ಐದೈದು ಸಲ ಬರೆ.

ನಿನ್ನಪ್ಪನಿಗೆ ಐವತ್ತಕ್ಕೆ ಒಂದು ಒಳ್ಳೆಯ ಕೊಡೆ ತೆಗೆದುಕೊಡು. ರಾಯಬಾಗದ ದನದ ದವಾಖಾನೆಯ ಕಂಪೌಂಡರ್‌ಗೆ ಜಾತಕಕ್ಕಿಂತ ಕೊಡೆಯ ಉಪಯೋಗ ಹೆಚ್ಚು. ಉಗುಳಲೇಬೇಕೆಂಬ ಹಟವಿದ್ದರೆ ಮೊದಲನೆಯ ಕಿಟ್ ತರಿಸು. ಗಂಡಸರ ದಾರಿ ಸಾಕು. ನಿನ್ನಪ್ಪ ಉಗುಳಲಿ, ಅವನಿಗೆ ರೂಢಿಯಿದೆ. ಇದರಲ್ಲಿ ನನ್ನನ್ನು ಎಳೆಯಬೇಡ.

ಕಸ್ತೂರಿಗೆ ಕಣ್ಣಲ್ಲಿ ಪೊರೆ ಬಂದಿದೆ. ದೀಪಾವಳಿಗೆ ಮೊದಲು ತೆಗೆಸಬೇಕೆಂದು ಅವಳ ಮಗ ಅಣ್ಣಾಸಾಬ ಓಡಾಡುತ್ತಿದ್ದಾನೆ. ಹಗಲೆಲ್ಲ ಅವನ ಮಗ್ಗಗಳ ಗದ್ದಲ. ನನಗೆ ಕೇಳುವುದಿಲ್ಲ, ಆದರೆ ಗೋಡೆಗೆ ಬೆನ್ನು ಕೊಟ್ಟು ಕೂತರೆ ನಡುಗುವುದು ಗೊತ್ತಾಗುತ್ತದೆ.

ನಿನ್ನ ಆಯಿ


ಅಥಣಿ
23 ಜೂನ್ 2018

ವಿಷಯ: ತೀವ್ರ ಖಂಡನೆ.

ಮಾನ್ಯರೇ,

ತಮ್ಮ ಪತ್ರ ಓದಿ ಅತೀವ ಆಘಾತವಾಯಿತು. ಗಂಡಸರ ದಾರಿ ಸಾಕಂತೆ! ಬೋರಗಾಂವದ ಮನೆಮನೆಗೆ ಹೋಗಿ, ಹೆಣ್ಣುಮಕ್ಕಳನ್ನು ಜಡೆ ಹಿಡಿದು ಶಾಲೆಗೆ ಎಳೆತಂದ ಸುಂದ್ರವ್ವ ಟೀಚರ್ ಬರೆದ ಮಾತೇ ಇದು? ಗೋಡೆಯಾಚೆಯ ಕಸ್ತೂರೆವ್ವನಿಗೆ ಪಾಟಿ ಕೊಟ್ಟು ಅ ಆ ಇ ಈ ಕಲಿಸಿದವರು ಯಾರು? ನಾನು ಹೆಣ್ಣು ಎಂಬ ಕಾರಣಕ್ಕೆ ವಂಶದಿಂದ ಹೊರಗೇ? ಈ ಅನ್ಯಾಯವನ್ನು ಪ್ರತಿಭಟಿಸಿ ಒಂದು ಹೊತ್ತು ಊಟ ಬಿಟ್ಟೆ. ರೂಮಿನ ಶೀತಲ ನನ್ನ ಪಾಲಿನ ಊಟವನ್ನೂ ಉಂಡಳು.

ಆದಕಾರಣ ಮೂರನೆಯ ಕಿಟ್ಟನ್ನೇ ತರಿಸಿದ್ದೇನೆ. ಎರಡು ನಳಿಗೆ. ಒಂದು ನನ್ನದು, ಇನ್ನೊಂದು ಇದರ ಜೊತೆ ತಮ್ಮ ಸನ್ನಿಧಿಗೆ ಬರುತ್ತಿದೆ. ಉಗುಳುವ ಮೊದಲು ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು. ಮಿಸರಿಯನ್ನಂತೂ ಮುಟ್ಟಲೇಬಾರದು. ಸುಟ್ಟ ತಂಬಾಕಿನ ಪುಡಿಯಿಂದ ಹಲ್ಲು ತಿಕ್ಕುವ ಅಜ್ಜಿಯರಿದ್ದಾರೆಂದು ಕಂಪನಿಯವರಿಗೆ ಗೊತ್ತಿದ್ದಂತಿಲ್ಲ.

ಈಗ ಹಿಂದೆ ಸರಿಯುವಂತಿಲ್ಲ. ಅಪ್ಪನಿಗೆ ಬಾಯಿ ತಪ್ಪಿ ಹೇಳಿಬಿಟ್ಟೆ. ನಿನ್ನೆ ಫೋನಿನಲ್ಲಿ ಅವನ ಉತ್ಸಾಹ ಕೇಳಬೇಕಿತ್ತು: "ಲೇ ಸಪನಾ, ದವಾಖಾನ್ಯಾಗ ಎಲ್ಲಾರಿಗೂ ಹೇಳೇನಿ. ನಾ ಇರಾಣದ ಕುದರಿ ವ್ಯಾಪಾರಿ ವಂಶದಾಂವ ಅಂತ ಸಾಹೇಬರು ಅಂದ್ರು. ಲಗೂನ ತರಸ. ಆಯಿದು ಉಗುಳ ಬಂತೇನ?"

ನ್ಯಾಯದ ನಿರೀಕ್ಷೆಯಲ್ಲಿ,
ಸಪನಾ


ಬೋರಗಾಂವ
4 ಜುಲೈ 2018

ಚಿ. ಸಪನಾಳಿಗೆ,

ನಳಿಗೆ ತುಂಬಿಸಿ ಕಳಿಸಿದ್ದೇನೆ. ನಿನ್ನ ಕಾಗದದಲ್ಲಿ ಒಂದೇ ತಪ್ಪು ಇತ್ತು, ತಿದ್ದಿಲ್ಲ.

ಆಯಿ


ಅಥಣಿ
27 ಜುಲೈ 2018

ವಿಷಯ: ಕಾರಣ ಕೇಳಿ ನೋಟೀಸು.

ಮಾನ್ಯರೇ,

ತಾವು ಕಳಿಸಿದ ನಳಿಗೆಯಲ್ಲಿದ್ದದ್ದು ಚಹಾದ ಬಣ್ಣದ ದ್ರವ, ತಳದಲ್ಲಿ ಕರಿ ಚರಟ. ಆದರೂ ನಂಬಿಕೆಯಿಟ್ಟು ಕಂಪನಿಗೆ ರವಾನಿಸಿದೆ. 'ಈ ಮಾದರಿಯನ್ನು ಓದಲಾಗಲಿಲ್ಲ' ಎಂದು ಉತ್ತರ ಬಂದಿದೆ. ಅವರ ಯಂತ್ರ ಕೆಮ್ಮಿತೋ ಏನೋ. ಉಗುಳುವ ಮುಂಚೆ ತಾವು ಮಿಸರಿ ತಿಕ್ಕಿದ್ದೀರಿ. ಒಂದು ಸಲವಲ್ಲ, ಬೇಕೆಂದೇ ಮೂರು ಸಲ ತಿಕ್ಕಿದಂತಿದೆ.

ದಯಾಳುಗಳಾದ ಅವರು ಬದಲಿ ನಳಿಗೆಯನ್ನು ಪುಕ್ಕಟೆ ಕೊಟ್ಟಿದ್ದಾರೆ, ಲಗತ್ತಿಸಿದೆ. ಈ ಸಲ ಮೂರು ದಿನ ಮಿಸರಿ ಡಬ್ಬಿಯನ್ನು ಕಸ್ತೂರೆವ್ವನ ವಶಕ್ಕೆ ಕೊಡತಕ್ಕದ್ದು. ತಂಬಾಕು ಮುಟ್ಟೆನೆಂದು ಬಸದಿಯಲ್ಲಿ ವ್ರತ ಹಿಡಿದವಳು, ಆಕೆಯ ಹತ್ತಿರ ಡಬ್ಬಿ ಭದ್ರವಾಗಿರುತ್ತದೆ.

ಆಯಿ, ಉಗುಳು ಕೊಡಲು ನಾಚಿಕೆಯೇನು? ನಿಜ ಹೇಳು.

ಸಪನಾ


ಬೋರಗಾಂವ
14 ಆಗಸ್ಟ್ 2018

ಚಿ. ಸಪನಾಳಿಗೆ ಆಶೀರ್ವಾದಗಳು.

ಉತ್ತರ ತಡವಾಯಿತು. ಮೈಯಲ್ಲಿ ಆರಾಮವಿದ್ದೇನೆ.

ಒಂದು ವಿಷಯ ಕೇಳಬೇಕಿತ್ತು, ತಮಾಷೆ ಬಿಟ್ಟು ಉತ್ತರ ಬರೆ. ಈ ತಪಾಸಣೆಯಲ್ಲಿ ಯಾರು ನಮ್ಮವರು ಎಂದು ತಿಳಿಯುತ್ತದೆ ಸರಿ. ಯಾರು ನಮ್ಮವರಲ್ಲ ಎಂದೂ ತಿಳಿಯುತ್ತದೆಯೇ? ತಿಳಿದರೆ ಆ ಕಾಗದ ಯಾರ ಕೈಗೆ ಬರುತ್ತದೆ, ನಿನಗೋ ನಿನ್ನಪ್ಪನಿಗೋ? ಸಾಕು ಎಂದು ನಡುವೆ ನಿಲ್ಲಿಸಲು ಬರುತ್ತದೆಯೇ?

ಮೊನ್ನೆ ನಿನ್ನಪ್ಪ ಬಂದಿದ್ದ. ನನಗೆ ಕಾಣಲೆಂದು ಪಾಟಿಯ ಮೇಲೆ ದೊಡ್ಡಕ್ಷರದಲ್ಲಿ 'ಉಗುಳು' ಎಂದು ಬರೆದು ನಕ್ಕ. ನಾನೂ ನಕ್ಕೆ.

ಆಯಿ


ಅಥಣಿ
19 ಆಗಸ್ಟ್ 2018

ಮಾನ್ಯರೇ,

ತಮ್ಮ ಮೂರು ಪ್ರಶ್ನೆಗಳಿಗೆ ಉತ್ತರ. ಒಂದು: ಎಲ್ಲವೂ ತಿಳಿಯುತ್ತದೆ. ಅಪ್ಪನನ್ನು ಬೇರೆ ಯಾರೋ ಹೆತ್ತಿದ್ದರೆ ಅದೂ ಬಯಲಾಗುತ್ತದೆ. ತೌಡು ಕೊಟ್ಟು ಕೊಂಡ ಮಾಲು ಅಸಲಿಯೋ ನಕಲಿಯೋ ಗೊತ್ತಾಗಿ ಹೋಗಲಿ! ಹ ಹ ಹ. ಎರಡು: ವರದಿ ನನ್ನ ಹೆಸರಿಗೆ ಬರುತ್ತದೆ. ಮೂರು: ನಿಲ್ಲಿಸಲು ಬರುತ್ತದೆ, ಆದರೆ ದವಾಖಾನೆಯ ಸಿಬ್ಬಂದಿ, ದನಗಳ ಮಾಲೀಕರು ಮತ್ತು ಕೆಲವು ಎಮ್ಮೆಗಳು ಫಲಿತಾಂಶಕ್ಕೆ ಕಾದಿರುವುದರಿಂದ ನಿಲ್ಲಿಸುವುದು ಸಾರ್ವಜನಿಕ ಹಿತದೃಷ್ಟಿಯಿಂದ ಯೋಗ್ಯವಲ್ಲ.

ನನಗೆ ಈಗ ಅರ್ಥವಾಯಿತು. ನಮ್ಮ ವಂಶದಲ್ಲಿ ದೊಡ್ಡ ದೊಡ್ಡ ಸರದಾರರಿದ್ದರೆಂದು ಅಪ್ಪನಿಗೆ ಸಣ್ಣಂದಿನಲ್ಲಿ ಕಥೆ ಹೇಳಿದ್ದೀರಲ್ಲ, ಅದು ಸುಳ್ಳಾದೀತೆಂದು ಹೆದರಿಕೆ. ಹೆದರಬೇಡಿ. ಕುರಿ ಕಾಯುವವರಿದ್ದರೂ ನಾನು ಅವರಿಗೆ ಕಿರೀಟ ಬರೆಯುತ್ತೇನೆ.

ಉಗುಳು, ಆಯಿ, ಉಗುಳು!

ಸಪನಾ


ಬೋರಗಾಂವ
30 ಆಗಸ್ಟ್ 2018

ಚಿ. ಸಪನಾಳಿಗೆ ಆಶೀರ್ವಾದಗಳು.

ನೀನು ಹೇಳಿದಂತೆಯೇ ಆಯಿತು. ಇವತ್ತು ಬೆಳಗ್ಗೆ ಪಡಸಾಲೆಯಲ್ಲಿ ಎಂದಿನಂತೆ ಮಿಸರಿ ತಿಕ್ಕುತ್ತ ಕೂತಿದ್ದಾಗ ಅಂಚೆಯ ಮಾಳಸಿದ್ದ ಬಂದ. ನಿನ್ನೆಯೇ ತುಂಬಿಸಿ ಮುಚ್ಚಳ ಹಾಕಿಟ್ಟಿದ್ದೆ, ಪೊಟ್ಟಣ ಅವನ ಕೈಗೇ ಕೊಟ್ಟೆ. "ಟೀಚರ್ ಬಾಯಿ, ಔಷಧ ಏನ್ರಿ?" ಎಂದು ಪಾಟಿಯ ಮೇಲೆ ಬರೆದು ಕೇಳಿದ. "ಪರೀಕ್ಷೆ ಪೇಪರು" ಎಂದೆ.

ಈ ಸಲ ತಪ್ಪಿಲ್ಲ. ನಿನಗೆ ಬೇಕಾದ ಉತ್ತರ ಬರುತ್ತದೆ. ನಿನ್ನಪ್ಪನಿಗೆ ಚೌಕಟ್ಟು ಹಾಕಿಸಿ ಕೊಡು.

ಆಯಿ


ಅಥಣಿ
6 ಅಕ್ಟೋಬರ್ 2018

ಆಯಿ,

ವಿಷಯ ಎಂದು ಬರೆದು ಮೂರು ಸಲ ಹೊಡೆದು ಹಾಕಿದೆ. ಇವತ್ತು ವಿಷಯ ಬೇಡ.

ವರದಿ ಬಂದಿದೆ. ನನ್ನ ಉಗುಳು, ನೀನು ಕಳಿಸಿದ ಉಗುಳು: ಮೊಮ್ಮಗಳು, ಅಜ್ಜಿ. ಸಂಶಯವೇ ಇಲ್ಲವಂತೆ. ಓದಿ ಕುಣಿದೆ. ಲ್ಯಾಬಿನಲ್ಲೆಲ್ಲ ಪೇಢೆ ಹಂಚಿದೆ. ಅಪ್ಪನ ಚೌಕಟ್ಟಿನ ಮೂಲೆಯಲ್ಲಿ ಅಂಟಿಸೋಣವೆಂದು ನಿನ್ನ ಕೈಬರಹದ ಒಂದು ಸಾಲಿಗಾಗಿ ಹಳೆಯ ಕಾಗದ ತೆಗೆದೆ. ಆಗಸ್ಟ್ ಮೂವತ್ತರದ್ದು. 'ಎಂದಿನಂತೆ ಮಿಸರಿ ತಿಕ್ಕುತ್ತ ಕೂತಿದ್ದಾಗ.'

ಆ ನಳಿಗೆ ನನ್ನ ಕೈಯಿಂದಲೇ ಹೋದದ್ದು, ಆಯಿ. ಬಾವಿಯ ನೀರಿನಷ್ಟು ತಿಳಿಯಾಗಿತ್ತು. ಆಹಾ, ಆಯಿ ಮೂರು ದಿನ ವ್ರತ ಮಾಡಿದಳು ಎಂದುಕೊಂಡಿದ್ದೆ. ನೀನು ಒಂದು ದಿನವೂ ಬಿಟ್ಟಿಲ್ಲ. ಐವತ್ತು ವರ್ಷ ಮಿಸರಿ ತಿಕ್ಕಿದ ಬಾಯಿಂದ ಅಂಥ ಉಗುಳು ಬರುವುದಿಲ್ಲ ಎಂದು ಹೇಳಲು ಲ್ಯಾಬು ಬೇಕಿಲ್ಲ. ಆ ಮನೆಯಲ್ಲಿ ಇಲ್ಲವೆಂದರೆ ಗೋಡೆಯಾಚೆ ಮಿಸರಿ ಮುಟ್ಟದ ಬಾಯಿ ಒಂದೇ ಇದೆ. ಅವಳ ಉಗುಳನ್ನು ನನ್ನ ಅಜ್ಜಿಯದು ಎನ್ನುತ್ತಿದೆ ವರದಿ.

ಆಗಸ್ಟ್ ಹತ್ತೊಂಬತ್ತರ ನನ್ನ ಕಾಗದ ನಿನ್ನ ಹತ್ತಿರ ಇರಬೇಕು. ಅದರಲ್ಲಿ ಮೂರು 'ಹ' ಇವೆ. ಅವನ್ನು ಹರಿದು ಒಲೆಗೆ ಹಾಕು.

ಅಪ್ಪನಿಗೆ ಹೇಳಿಲ್ಲ. ನಿನ್ನೆ, "ವರದಿ ಬಂತೇನ?" ಅಂದ. "ಕಂಪನಿಯವ್ರು ಇನ್ನೂ ನಿಮ್ಮ ವಂಶ ಎಣಸಾಕತ್ತಾರ, ದಣದಾರ" ಅಂದೆ. ನಕ್ಕ. ನನಗೆ ನಗು ಬರಲಿಲ್ಲ.

ನನ್ನ ಮೇಲೆ ಸಿಟ್ಟಾಗಿದ್ದರೂ ಕಾಗದ ಬರೆ. ಕೆಂಪು ಶಾಯಿಯಲ್ಲೇ ಬರೆ ಬೇಕಾದರೆ.

ಸಪನಾ


ಬೋರಗಾಂವ
12 ಅಕ್ಟೋಬರ್ 2018

ಸಪನಾ,

ಟೀಚರ್‌ನ ಮೊಮ್ಮಗಳು ನೀನು, ಕಾಪಿ ಹೊಡೆದದ್ದನ್ನು ಹಿಡಿಯದಿದ್ದರೆ ನನಗೇ ಅವಮಾನ. ಸಿಟ್ಟಿಲ್ಲ.

ಕೂಸನ್ನು ಎತ್ತಿಕೊಳ್ಳಲು ನಮ್ಮ ಅತ್ತೆ ಕಸ್ತೂರಿಯನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಅವಳು ನನಗಿಂತ ನಾಲ್ಕು ದಿನ ಮುಂಚೆ ಹೆತ್ತಿದ್ದಳು. ಐದು ದಿನ ಎತ್ತಿಕೊಂಡವರ ಮನೆಯಲ್ಲೇ ಇರಬೇಕು, ಹೆತ್ತವಳು ಆ ಕಡೆ ಮುಖ ಹಾಕಬಾರದು. ಕಸ್ತೂರಿಗೆ ಹಾಲಿತ್ತು. ಎರಡೂ ಕೂಸು ಒಂದೇ ತೊಟ್ಟಿಲಲ್ಲಿ ಮಲಗಿದವು.

ಮೂರನೆಯ ದಿನ ಮಧ್ಯಾಹ್ನ ಗೋಡೆಯಾಚೆ ಅಳು ಕೇಳಿಸಿತು. ಆಗ ನನಗೆ ಕಿವಿ ಚೆನ್ನಾಗಿತ್ತು. ಕಸ್ತೂರಿಯ ಕೂಸು ಹೋಯಿತೆಂದು ಅತ್ತೆ ಬಂದು ಹೇಳಿದಳು. ನನ್ನದು ಸುಖವಾಗಿದೆಯೆಂದೂ ಹೇಳಿದಳು. ನಾನು ಹೋಗಿ ಸಮಾಧಾನ ಹೇಳುವಂತಿರಲಿಲ್ಲ. ಐದನೆಯ ದಿನ ಅವಳು ಮೊರ ಹೊತ್ತು ಬಂದಳು. ಓಣಿಯ ಹೆಂಗಸರೆಲ್ಲ ನಿಂತಿದ್ದರು. ನನ್ನ ಕೂಸಿನ ಎಡಗಿವಿಯ ಹಿಂದೆ ಜೋಳದ ಕಾಳಿನಷ್ಟು ಮಚ್ಚೆ ಇತ್ತು. ಎತ್ತಿಕೊಳ್ಳುವಾಗ ಬೆರಳಿಟ್ಟು ನೋಡಿದೆ. ಇರಲಿಲ್ಲ. ಕಸ್ತೂರಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಲಿಲ್ಲ. ಎರಡು ಕೂಸು ಮಣ್ಣಿಗಿಟ್ಟವಳ ಮುಂದೆ ಬರಿ ಮೊರ ಹಿಡಿದು ಬರಲು ಅವಳಿಗೆ ಆಗಲಿಲ್ಲ. ಅವಳಿಗೆ ಆಗಲೇ ಮೂರು ಗಂಡುಮಕ್ಕಳಿದ್ದರು.

ಅದೇ ಗಳಿಗೆಯಲ್ಲಿ ಹೇಳಬಹುದಿತ್ತು. ಕೂಸು ನನ್ನ ಎದೆಗೆ ಬಾಯಿ ಹಾಕಿತು. ನಾನು ತೌಡು ಅಳೆದು ಕೊಟ್ಟೆ.

ಐವತ್ತು ವರ್ಷ ನಾವಿಬ್ಬರೂ ಇದರ ಬಗ್ಗೆ ಒಂದು ಮಾತು ಆಡಿಲ್ಲ. ನನಗೆ ಗೊತ್ತಿಲ್ಲವೆಂದು ಅವಳು ತಿಳಿದಿದ್ದಳು. ಅವನು ಅವಳ ಕಣ್ಣೆದುರು ಬಂದು ಹೋಗುತ್ತಿರಲೆಂದೇ ನಾನು ಈ ಗೋಡೆ ಬಿಟ್ಟು ರಾಯಬಾಗಕ್ಕೆ ಹೋಗಲಿಲ್ಲ. ನಿನ್ನಪ್ಪ ಬಂದಾಗಲೆಲ್ಲ ಮೊದಲು ಅವಳ ಕಾಲಿಗೆ ಬಿದ್ದು ಬಾ ಎಂದು ಕಳಿಸಿದ್ದು ಅದಕ್ಕೇ. ನಿನ್ನ ಎರಡನೆಯ ನಳಿಗೆ ಬಂದ ಮೇಲೆ ಬೇರೆ ದಾರಿ ಉಳಿಯಲಿಲ್ಲ. ಪಿಸುಗುಟ್ಟಿದರೆ ನನಗೆ ಕೇಳುವುದಿಲ್ಲ, ಕೂಗಿದರೆ ಓಣಿಗೆ ಕೇಳುತ್ತದೆ. ಪಾಟಿ ತೆಗೆದುಕೊಂಡು ಹೋದೆ. 'ಇದರಲ್ಲಿ ನೀನು ಉಗುಳು. ನಾನು ಉಗುಳಿದರೆ ತಿಪ್ಪಣ್ಣ ನನ್ನ ಮಗನಲ್ಲ ಎನ್ನುತ್ತದೆ' ಎಂದು ಬರೆದೆ. ಪೊರೆಗಣ್ಣಿಗೆ ಪಾಟಿ ಹಿಡಿದು ಬಹಳ ಹೊತ್ತು ಓದಿದಳು. ಸೆರಗಿನಿಂದ ಒರೆಸಿದಳು. ಕೆಳಗೆ ಬರೆದಳು: 'ಯಾವಾಗಿಂದ ಗೊತ್ತು?' ನಾನು ಬರೆದೆ: 'ಅವತ್ತಿನಿಂದ.'

ಅವಳು ನಳಿಗೆ ತುಂಬಿಸಿ ಕೊಟ್ಟಳು.

ಉಗುಳು ನನ್ನದಲ್ಲ. ಮಗ ನನ್ನವನು. ಇಷ್ಟೇ ನನಗೆ ಗೊತ್ತಿರುವುದು. ಅವನಿಗೆ ಹಾಗೆ ಅನ್ನಿಸದಿದ್ದರೆ ಎಂಬುದೊಂದೇ ನನ್ನ ಭಯ.

ಆಯಿ


ಅಥಣಿ
17 ಅಕ್ಟೋಬರ್ 2018

ಆದೇಶ

ಶ್ರೀಮತಿ ಸುಂದ್ರವ್ವ ಇವರು ಆಯಿ ಹುದ್ದೆಯಿಂದ ವಜಾ ಆಗುವ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಕೆಲಸದ ಒತ್ತಡ ಪರಿಗಣಿಸಿ (ಮೊಮ್ಮಗಳು ಬಹಳ ಕಿಡಿಗೇಡಿ) ಅದೇ ಹುದ್ದೆಗೆ ಶ್ರೀಮತಿ ಕಸ್ತೂರೆವ್ವ ಇವರನ್ನೂ ನೇಮಿಸಲಾಗಿದೆ. ಇಬ್ಬರಿಗೂ ನಿವೃತ್ತಿ ಇರುವುದಿಲ್ಲ.

ಆಯಿ, ವರದಿಯನ್ನು ಲಕೋಟೆಯಲ್ಲಿ ಹಾಕಿ, ಅಂಟಿಸಿ ಕಳಿಸಿದ್ದೇನೆ. ನಕಲು ಇಟ್ಟುಕೊಂಡಿಲ್ಲ. ಅಪ್ಪನಿಗೆ ಕೊಡುವುದು, ಒಲೆಗೆ ಹಾಕುವುದು ನಿಮ್ಮಿಬ್ಬರ ಮರ್ಜಿ. ಅವನಿಗೆ ನಾನು ಕೊಡೆ ತೆಗೆದು ಕಳಿಸಿದ್ದೇನೆ, ನೀನು ಹೇಳಿದ್ದಂತೆ. ಲ್ಯಾಬ್ ಕೋರ್ಸಿನ ಪರೀಕ್ಷೆಯಿದೆ, 24ಕ್ಕೆ ಬರಲಾಗುವುದಿಲ್ಲ. ಬಂದಿದ್ದರೆ ನಿನ್ನ ಪಕ್ಕ ಸುಮ್ಮನೆ ಕೂತಿರುತ್ತಿದ್ದೆ. ನಾನು ಸುಮ್ಮನೆ ಕೂತದ್ದನ್ನು ನೀನು ಎಂದೂ ನೋಡಿಲ್ಲ.

ಒಂದು ಕೇಳಲೇ? ಮಚ್ಚೆಯಿದ್ದ ಕೂಸಿಗೆ ಹೆಸರಿತ್ತೇ?

ನಿನ್ನ
ಸಪನಾ


ಬೋರಗಾಂವ
26 ಅಕ್ಟೋಬರ್ 2018

ನನ್ನ ಸಪನಾ,

ಮೊದಲು ನಿನ್ನ ಪ್ರಶ್ನೆ. ಹೆಸರಿಡುವ ಮುಂಚೆಯೇ ಹೋಯಿತು. ಮೊರದಲ್ಲಿಟ್ಟು ಕಳಿಸುವಾಗ, ಮರಳಿ ಬಂದ ಮೇಲೆ ತಿಪ್ಪಣ್ಣ ಎನ್ನಬೇಕೆಂದು ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಬಂದವನಿಗೆ ಅದನ್ನೇ ಇಟ್ಟೆ. ಒಂದೇ ಹೆಸರಿನಲ್ಲಿ ಇಬ್ಬರನ್ನೂ ಕರೆಯುತ್ತ ಬಂದಿದ್ದೇನೆ.

ಮೊನ್ನೆ ನಿನ್ನಪ್ಪ ಹೊಸ ಕೊಡೆ ಹಿಡಿದು ಬಂದ. ಮಳೆ ಇರಲಿಲ್ಲ, ಆದರೂ ಬಿಚ್ಚಿಕೊಂಡೇ ಬಂದ. ಕಸ್ತೂರಿಯ ಅಂಗಳದಲ್ಲಿ ಕೂರಿಸಿದೆ. ಅವಳು ಪೊರೆ ತೆಗೆಸಿದ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮೊರದಲ್ಲಿ ಜೋಳ ಕೇರುತ್ತಿದ್ದಳು. 'ಹೇಳಲೇ?' ಎಂದು ಪಾಟಿಯ ಮೇಲೆ ಬರೆದು ತೋರಿಸಿದೆ. ಅವಳು ಕೇರುವುದನ್ನು ನಿಲ್ಲಿಸಿದಳು. ಬೇಡ ಅನ್ನಲಿಲ್ಲ. ನಾನು ಬಾಯಿಬಿಟ್ಟು ಹೇಳಿದೆ. ಎಷ್ಟು ಜೋರಾಗಿ ಹೇಳಿದೆನೋ ನನಗೆ ತಿಳಿಯದು. ಗೋಡೆ ನಡುಗುವುದು ನಿಂತಾಗಲೇ ಅಣ್ಣಾಸಾಬ ಮಗ್ಗ ನಿಲ್ಲಿಸಿದ್ದಾನೆಂದು ಗೊತ್ತಾಯಿತು.

ನಿನ್ನಪ್ಪ ಸ್ವಲ್ಪ ಹೊತ್ತು ಕೊಡೆಯನ್ನೇ ಮಡಚುತ್ತ ಬಿಚ್ಚುತ್ತ ಕೂತ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಕೂಗಿದ, ಓಣಿಗೆಲ್ಲ ಕೇಳುವಂತೆ:

"ಅವ್ವಾ, ಮೂವತ್ತ ವರ್ಷ ದನದ ದವಾಖಾನ್ಯಾಗ ಅದೀನಿ. ಕರಾ ಸತ್ತ ಆಕಳಿಗೆ ಬ್ಯಾರೇ ಕರಾ ಹಚ್ಚೂದು ನಂದ ಕೆಲಸ. ಆಕಳ ಒಮ್ಮಿ ಮೂಸಿ ನೆಕ್ಕಿತಂದ್ರ ಮುಗೀತು. ಆಮ್ಯಾಲ ಇದ ಯಾರ ಕರಾ ಅಂತ ಕೇಳಾಕ ಹ್ವಾದ್ರ ಹಾಯಾಕ ಬರತೈತಿ. ನೀ ನೆಕ್ಕಿಯೋ ಇಲ್ಲೋ, ಅಷ್ಟ ಹೇಳ."

ಹೂಂ ಅಂದೆ.

"ಹಂಗಾರ ಊಟಕ್ಕ ಹಾಕು, ಹಸದೇನಿ" ಅಂದ. ಅಂದವನೇ ಕಸ್ತೂರಿಯ ಕಾಲ ಬಳಿ ನೆಲದ ಮೇಲೆ ಕೂತ, ಏಳಲೇ ಇಲ್ಲ. ಅವಳು ಅವನ ತಲೆಯ ಮೇಲೆ ಕೈಯಿಟ್ಟಳು. ಐವತ್ತು ವರ್ಷ ಅವನು ಕಾಲಿಗೆ ಬಿದ್ದಾಗಲೆಲ್ಲ ಅವಳು ಬೇಗ ಕೈ ತೆಗೆಯುತ್ತಿದ್ದಳು. ಮೊನ್ನೆ ತೆಗೆಯಲಿಲ್ಲ. ನಾನು ಕೊಟ್ಟ ಲಕೋಟೆಯನ್ನು ಅವನು ಒಡೆಯದೆಯೇ ಅವಳ ಮೊರದಲ್ಲಿಟ್ಟ. ಅಣ್ಣಾಸಾಬ ಹೊರಗೆ ಬಂದು ಕಣ್ಣೊರೆಸಿಕೊಳ್ಳುತ್ತ, "ತಮ್ಮಾ ಅಂದಮ್ಯಾಲ ನಾಳಿಂದ ಮಗ್ಗಕ್ಕ ಬಾ ಮತ್ತ" ಎಂದು ಅವನ ಬೆನ್ನಿಗೆ ಗುದ್ದಿದನಂತೆ. ಓಣಿ ಈಗ ತನ್ನ ತೀರ್ಪನ್ನು ತಾನೇ ತಿದ್ದಿಕೊಳ್ಳಲಿ.

ನಾನು ಮಿಸರಿ ಬಿಟ್ಟಿಲ್ಲ. ಬಿಡುವುದೂ ಇಲ್ಲ.

ಕಸ್ತೂರಿ ಪಕ್ಕದಲ್ಲೇ ಕೂತಿದ್ದಾಳೆ. ತಾನೂ ಬರೆಯಬೇಕೆಂದು ಪೆನ್ನು ಕಸಿದುಕೊಳ್ಳುತ್ತಿದ್ದಾಳೆ. ಕೆಳಗಿನದು ಅವಳದ್ದು. ಕೆಂಪು ಶಾಯಿ ಮುಟ್ಟಿಸಿಲ್ಲ.

ನಿನ್ನ ಆಯಿ

ಸಪನಾ ಕಣ್ಣಿನ ಪಟ್ಟಿ ಬಿಚ್ಯಾರ. ದೀಪಾವಳಿಗಿ ಬಾ. ನಿನ ಕಣ್ಣ ನೋಡಬೇಕು.